ಪ್ಲೇಗಿನ ಗುಡಿಸಲು, ಮುಚ್ಚಿದ ಬಾಗಿಲು

ಮೈಸೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಟ ಹೆದ್ದಾರಿಯು ಬಿಳಿಕೆರೆಯನ್ನು ಮುಟ್ಟಿದೊಡನೆ ಎರಡಾಗಿ ಒಡೆಯುತ್ತದೆ. ಒಂದು ಹುಣಸೂರು, ಪಿರಿಯಾಪಟ್ಟಣಗಳ ಮಾರ್ಗವಾಗಿ ಕೊಡಗನ್ನು ಸೇರುವುದು. ಇನ್ನೊಂದು ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನಗಳ ಮೇಲೆ ಬೇಲೂರಿನತ್ತ ಸಾಗುವುದು. ಹೊಗೆಸೊಪ್ಪಿನ ಲಾರಿಗಳೂ, ಕೊಡಗಿನ ಬಸ್ಸುಗಳೂ, ಕೂಲಿಯಾಳುಗಳನ್ನು ತುಂಬಿದ ಗಾಡಿಗಳೂ ಹಗಲಿರುಳು ಓಡಾಡುವ ಈ ಕವಲುದಾರಿಯು 2020ನೆಯ ಇಸವಿ ಮಾರ್ಚಿ 25ನೆಯ ತಾರೀಖಿನ ಪ್ರಾತಃಕಾಲದಲ್ಲಿ, ದೇಶದ ಇತರ ಎಲ್ಲ ದಾರಿಗಳಂತೆಯೇ, ಬರಿದಾಗಿ ಬಿದ್ದಿತು. ಹಿಂದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ಆಡಿದ ಮಾತಿನಂತೆ, ನಾಲ್ಕು ಗಂಟೆಗಳ ಅವಧಿಯಲ್ಲಿ, ನೂರಮೂವತ್ತು ಕೋಟಿ ಜನರ ಬಾಗಿಲು ಮುಚ್ಚಿದ್ದಿತು. ಲಾಕ್‌ಡೌನ್ ಎಂದು ಎಲ್ಲರ ನಾಲಗೆಯ ಮೇಲೂ ನೆಲೆಸಿದ ಆ ದಿಗ್ಬಂಧನವು ಇಪ್ಪತ್ತೊಂದು ದಿನಕ್ಕೆಂದು ಆರಂಭವಾಗಿ, ಮೂರು ಸಲ ಮುಂದುವರಿದು, ಮೇ 31ರವರೆಗೆ ನಡೆಯಿತು.

ಅದು ಪ್ರಾಣವನ್ನು ಉಳಿಸಿತೆಂದು ಕೆಲವರೂ, ಅನ್ನವನ್ನು ಕಸಿಯಿತೆಂದು ಕೆಲವರೂ ಅಂದು ವಾದಿಸಿದರು. ವರ್ಷಗಳು ಕಳೆದರೂ ಆ ವಾದವು ಮುಗಿದಂತಿಲ್ಲ. ಆದರೆ ಮೈಸೂರು ಸೀಮೆಯ ಜನರಿಗೆ ಇದು ಹೊಸ ವಾದವಲ್ಲ. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಯು ಈ ನೆಲದಲ್ಲಿ ಎದ್ದಿತ್ತು. ಅಂದು ಸರ್ಕಾರದವರು ಆಡಿದ ಮಾತು ಮಾತ್ರ ಇಂದಿನದಕ್ಕೆ ತದ್ವಿರುದ್ಧವಾಗಿತ್ತು. 2020ರಲ್ಲಿ 'ಮನೆಯನ್ನು ಬಿಟ್ಟು ಹೊರಡಬೇಡಿ' ಎಂದರು. 1898ರಲ್ಲಿ 'ಮನೆಯನ್ನು ಬಿಟ್ಟು ಹೊರಡಿ' ಎಂದರು.

ಪ್ಲೇಗೆಂಬ ಆ ಮಹಾಮಾರಿಯು 1896ರಲ್ಲಿ ಮುಂಬಯಿಯಲ್ಲಿ ತಲೆದೋರಿತು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಇಂಡಿಯಾ ಸರ್ಕಾರದವರು ನಾಲ್ಕೇ ಪ್ರಕರಣಗಳುಳ್ಳ ಒಂದು ಸಾಂಕ್ರಾಮಿಕ ರೋಗಗಳ ಶಾಸನವನ್ನು ಮಾಡಿ, ಅಧಿಕಾರಿಗಳಿಗೆ ಅಪರಿಮಿತವಾದ ಶಕ್ತಿಯನ್ನು ಕೊಟ್ಟರು. (ಕರ್ನಾಟಕ ಸರ್ಕಾರದವರು 2020ರ ಮಾರ್ಚಿಯಲ್ಲಿ ಕೊರೋನಾ ನಿಯಮಗಳನ್ನು ಹೊರಡಿಸಿದ್ದೂ ಈ ಹಳೆಯ ಶಾಸನದ ಆಧಾರದ ಮೇಲೆಯೇ ಎಂಬುದು ಗಮನಾರ್ಹ. ಮುದುಕನಾದ ಶಾಸನಕ್ಕೆ ಅಷ್ಟು ಕಾಲದ ಮೇಲೂ ಕೆಲಸವಿದ್ದಿತು.) ರೋಗವು ರೈಲುದಾರಿಯನ್ನು ಹಿಡಿದು ಹುಬ್ಬಳ್ಳಿಗೆ ಬಂದಿತು, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು, ಅಲ್ಲಿಂದ ಮೈಸೂರು ನಗರಕ್ಕೂ, ಕ್ರಮೇಣ ಹಳ್ಳಿಗಳಿಗೂ ಹಬ್ಬಿತು. ಆಗ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿಯೂ, ಶ್ರೀ ಕೆ. ಶೇಷಾದ್ರಿ ಅಯ್ಯರವರು ದಿವಾನರಾಗಿಯೂ ಇದ್ದರು. ಶ್ರೀ ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರಾಗಿ ನಿಯಮಿತರಾದರು. ಮುಂದೆ ಇವರೇ ಸಂಸ್ಥಾನದ ದಿವಾನರಾದದ್ದು ಪ್ರಸಿದ್ಧವೇ ಆಗಿದೆ.

ರೋಗದ ಮೂಲವೇನೆಂಬುದು ಆಗ ವೈದ್ಯರಿಗೇ ತಿಳಿಯದು. ಯೆರ್ಸಿನ್ ಎಂಬ ಪಂಡಿತನು 1894ರಲ್ಲಿ ಹಾಂಕಾಂಗಿನಲ್ಲಿ ರೋಗಾಣುವನ್ನು ಕಂಡಿದ್ದನು. ಇಲಿಯ ಮೈಮೇಲಿನ ಚಿಗಟವೇ ಅದನ್ನು ಮನುಷ್ಯನಿಗೆ ತರುವುದೆಂದು ಸಿಮಾಂಡ್ ಎಂಬುವನು 1898ರಲ್ಲಿ ಹೇಳಿದರೂ, ಲೋಕವು ಅದನ್ನು ಒಪ್ಪುವುದಕ್ಕೆ ಇನ್ನೂ ಎಂಟು ಹತ್ತು ವರ್ಷಗಳು ಬೇಕಾದವು. ಹೀಗಾಗಿ ಸರ್ಕಾರದವರ ಕೈಯಲ್ಲಿದ್ದ ಉಪಾಯಗಳು ಮೂರು: ರೋಗಿಯನ್ನು ಹಿಡಿದು ಆಸ್ಪತ್ರೆಗೆ ಸಾಗಿಸುವುದು, ಅವನ ಮನೆಯವರನ್ನು ಕ್ಯಾಂಪಿನಲ್ಲಿ ಬೇರೆಯಾಗಿ ಇರಿಸುವುದು, ಮನೆಯನ್ನು ಶುದ್ಧಿಮಾಡುವುದು. ಶುದ್ಧಿಯೆಂದರೆ ಸಾಮಾನ್ಯವಾದುದಲ್ಲ. ಗೋಡೆಗಳಿಗೆ ಔಷಧದ ನೀರು, ಹಳೆಯ ಬಟ್ಟೆಬರೆಗಳಿಗೆ ಬೆಂಕಿ, ಕೋಣೆಯೊಳಕ್ಕೆ ಬಿಸಿಲು ಬೀಳಲೆಂದು ಮಾಡಿನ ಹೆಂಚುಗಳನ್ನೇ ಇಳಿಸುವುದು, ಇಷ್ಟೂ ನಡೆಯಿತು. ಸ್ಟೇಷನ್ನುಗಳಲ್ಲಿ ಪ್ರಯಾಣಿಕರನ್ನು ತಡೆದು ಕಂಕುಳನ್ನೂ ತೊಡೆಯ ಸಂದನ್ನೂ ಮುಟ್ಟಿ ಗೆಡ್ಡೆಯಿದೆಯೇ ಎಂದು ನೋಡುತ್ತಿದ್ದರು. ಸ್ತ್ರೀಯರ ಮಾನವು ಇಲ್ಲಿ ಪ್ರಶ್ನೆಗೆ ಬಂದಿತೆಂಬುದನ್ನು ಬೇರೆಯಾಗಿ ಹೇಳಬೇಕಾದದ್ದಿಲ್ಲ. ಪುಣೆಯಲ್ಲಿ ಪ್ಲೇಗು ಅಧಿಕಾರಿಯಾಗಿದ್ದ ರ‍್ಯಾಂಡನು 1897ರ ಜೂನಿನಲ್ಲಿ ಗುಂಡಿಗೆ ಗುರಿಯಾದನು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿಯೂ 1898ರಲ್ಲಿ ಪ್ಲೇಗು ನಿಯಮಗಳನ್ನು ವಿರೋಧಿಸಿ ಜನರು ಗಲಭೆಯೆದ್ದರು. ಸಾತ್ವಿಕರೆಂದು ಹೆಸರಾದ ಕಾವೇರೀತೀರದ ಪ್ರಜೆಗಳು ಸರ್ಕಾರದ ಮೇಲೆ ಎದ್ದುನಿಲ್ಲಬೇಕಾದರೆ, ರೋಗಕ್ಕಿಂತಲೂ ಔಷಧವು ಎಷ್ಟು ಕಹಿಯಾಗಿ ತೋರಿತ್ತೆಂಬುದನ್ನು ಊಹಿಸಬಹುದು.

ಆ ಬಳಿಕ ಇಂಡಿಯಾದ ಎಲ್ಲೆಡೆಯಲ್ಲಿಯೂ ಬಲಾತ್ಕಾರದ ನಿಯಮಗಳು ಸಡಿಲವಾದವು. ಉಳಿದುಕೊಂಡದ್ದು ಜನರೇ ಒಪ್ಪಿಕೊಂಡ ಒಂದು ಉಪಾಯ: ಊರು ಬಿಡುವುದು. 'ಇಲಿ ಬಿದ್ದಿತು' ಎಂಬ ಮಾತು ಕೇಳಿದೊಡನೆ ಹಳ್ಳಿಗರು ಗಳು, ತಡಿಕೆ, ಸೋಗೆ, ಹುಲ್ಲುಗಳನ್ನು ಗಾಡಿಗೆ ಹೇರಿಕೊಂಡು ಹೊಲಗಳಿಗೆ ಹೋಗಿ ಗುಡಿಸಲು ಕಟ್ಟುತ್ತಿದ್ದರು. ಶಾಸ್ತ್ರವು ತಿಳಿಯುವುದಕ್ಕೆ ಮುಂಚೆಯೇ ಅವರು ಸರಿಯಾದುದನ್ನೇ ಮಾಡಿದ್ದರೆಂಬುದು ಆಮೇಲೆ ಸಿದ್ಧವಾಯಿತು. ಏಕೆಂದರೆ ಸತ್ತ ಇಲಿಯೂ, ಹಸಿದ ಚಿಗಟವೂ ಊರೊಳಗೇ ಉಳಿದುವು, ಮನುಷ್ಯನು ಮಾತ್ರ ದೂರವಾದನು. ಗೋಡೆಗೆ ಔಷಧ ಬಳಿಯುವುದರಿಂದ ಆಗದ ಕಾರ್ಯವು ಬರಿಯ ಸೋಗೆಯ ಗುಡಿಸಲಿನಿಂದ ಆಯಿತು. ಮೈಸೂರು ಸೀಮೆಯ ಹಳೆಯ ಮನೆತನಗಳಲ್ಲಿ 'ಪ್ಲೇಗಿನ ವರ್ಷ ಗುಡಿಸಲಿನಲ್ಲಿ ಹುಟ್ಟಿದವನು' ಎಂದು ವಯಸ್ಸನ್ನು ಗುರುತಿಸುವ ವಾಡಿಕೆಯು ಬಹುಕಾಲವಿದ್ದಿತು.

ಆದರೆ ಈ ಗುಡಿಸಲಿನ ವೆಚ್ಚವನ್ನು ತೆತ್ತವರು ಯಾರು? ಪ್ಲೇಗು ಮಳೆಗಾಲದ ಕೊನೆಗೆ ಎದ್ದು ಚಳಿಗಾಲದಲ್ಲಿ ಬಲಿಯುವ ರೋಗ. ಅದು ರಾಗಿಯ ಕೊಯ್ಲಿನ ಕಾಲ. ಜಮೀನುಳ್ಳ ಒಕ್ಕಲಿಗನಿಗೆ ಹೊಲದ ಗುಡಿಸಲು ಕಷ್ಟವಾದರೂ ನಷ್ಟವಲ್ಲ. ಬೆಳೆಯು ಕಣ್ಣೆದುರಿಗೆ, ಕಣವು ಕಾಲಬುಡದಲ್ಲಿ, ದನಕರುಗಳು ಜೊತೆಯಲ್ಲಿ. ಊರೊಳಗಿನ ಮನೆಗೆ ಕಳ್ಳರು ನುಗ್ಗುವ ಭಯವೊಂದೇ ಅವನನ್ನು ಕಾಡುತ್ತಿದ್ದಿತು. ನೇಕಾರನ ಗತಿಯು ಹಾಗಲ್ಲ. ಗುಂಡಿಮಗ್ಗವನ್ನು ಗಾಡಿಗೆ ಹೇರುವುದು ಸಾಧ್ಯವಿಲ್ಲ. ಕುಂಬಾರನ ಆವಿಗೆ, ಕಮ್ಮಾರನ ಕುಲುಮೆ, ಅಂಗಡಿಯವನ ಕಟ್ಟೆ ಇವೆಲ್ಲವೂ ನೆಲಕ್ಕೆ ಅಂಟಿದವುಗಳು. ಊರು ಬಿಟ್ಟ ದಿನವೇ ಇವರ ಸಂಪಾದನೆಯು ನಿಂತಿತು. ಸಂತೆಗೆ ಜನ ಸೇರದಿದ್ದಲ್ಲಿ ಎಣ್ಣೆ, ಬಟ್ಟೆಗಳನ್ನು ಕೊಳ್ಳುವವರೂ ಇಲ್ಲ. ಇನ್ನು ಭೂಮಿಯಿಲ್ಲದ ಕೂಲಿಯವನು ಗುಡಿಸಲನ್ನು ಊರುವುದಕ್ಕೂ ಮತ್ತೊಬ್ಬರ ಹೊಲದ ಬದುವನ್ನು ಬೇಡಬೇಕಾಯಿತು. ಒಂದೇ ರೋಗ, ಒಂದೇ ನಿಯಮ. ಆದರೆ ಒಬ್ಬನಿಗೆ ಅದು ವಾಸಸ್ಥಾನದ ಬದಲಾವಣೆ, ಮತ್ತೊಬ್ಬನಿಗೆ ಉಪವಾಸ.

ಪಟ್ಟಣಗಳು ಪಟ್ಟ ಪಾಡನ್ನು ಖಾನೇಷುಮಾರಿಯೇ ತೋರಿಸುತ್ತದೆ. ದಂಡುಪ್ರದೇಶವೂ ಸೇರಿ ಬೆಂಗಳೂರಿನ ಜನಸಂಖ್ಯೆಯು 1891ರಲ್ಲಿ 1,80,366 ಇದ್ದದ್ದು 1901ರಲ್ಲಿ 1,59,046ಕ್ಕೆ ಇಳಿಯಿತು. ಮೈಸೂರು ನಗರದಲ್ಲಿ 74,048 ಇದ್ದದ್ದು 68,111 ಆಯಿತು. ಅದೇ ದಶಕದಲ್ಲಿ ಸಂಸ್ಥಾನದ ಒಟ್ಟು ಜನಸಂಖ್ಯೆಯು ಸುಮಾರು 49 ಲಕ್ಷದಿಂದ 55 ಲಕ್ಷಕ್ಕೆ ಏರಿತ್ತೆಂಬುದನ್ನು ಇದರೊಡನೆ ಇಟ್ಟು ನೋಡಬೇಕು. ಈ ಇಳಿತವೆಲ್ಲವೂ ಮರಣವಲ್ಲ, ಬಹುಮಂದಿ ಓಡಿಹೋದವರು. ಓಡುವುದಕ್ಕೆ ಊರಲ್ಲೊಂದು ಅಜ್ಜನ ಮನೆಯಿದ್ದವನು ಓಡಿದನು. ಇಷ್ಟಾದರೂ ಅಂದಿನ ಸರ್ಕಾರದ ಪರವಾಗಿ ಒಂದು ಮಾತನ್ನು ಹೇಳುವುದು ನ್ಯಾಯ. ಪ್ಲೇಗು ಅಡಗಿದ ಮೇಲೆ ಅವರು ಎಲ್ಲವನ್ನೂ ಮರೆತು ಕುಳಿತುಕೊಳ್ಳಲಿಲ್ಲ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಗಾಳಿಬೆಳಕುಳ್ಳ ಬಡಾವಣೆಗಳಾಗಿ ಬೆಳೆದದ್ದು ಆ ಭಯದ ಫಲ. 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿಗಾಗಿ ಒಂದು ಟ್ರಸ್ಟ್ ಬೋರ್ಡು ಸ್ಥಾಪಿತವಾಗಿ, ಇಕ್ಕಟ್ಟಾದ ಓಣಿಗಳನ್ನು ಒಡೆದು ಹೊಸ ಬೀದಿಗಳನ್ನು ಹಾಕಿತು. ಮೈಸೂರಿನ ಅಗಲವಾದ ರಸ್ತೆಗಳನ್ನು ಹೊಗಳುವ ಯಾತ್ರಿಕನು ಅವುಗಳಲ್ಲಿ ಕೆಲವನ್ನು ಹಾಕಿಸಿದ್ದು ಇಲಿಯೆಂದು ಅರಿಯನು.

ಇಲ್ಲಿ ಒಂದು ವಿಷಯವು ಪ್ರಾಸಂಗಿಕವಾಗಿ ಸ್ಮರಣೀಯವಾಗಿದೆ. ಪ್ಲೇಗು ವರ್ಷವರ್ಷವೂ ಮರುಕಳಿಸುತ್ತಿದ್ದ ಆ ಕಾಲದಲ್ಲಿಯೇ, ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯನ್ನು ಶೋಧಿಸಿ 1909ರಲ್ಲಿ ಅಚ್ಚುಹಾಕಿಸಿದರು. ಅದರ ನಾಲ್ಕನೆಯ ಅಧಿಕರಣದಲ್ಲಿ ರಾಜನು ಜನಪದವನ್ನು ಎಂಟು ಮಹಾಭಯಗಳಿಂದ ಕಾಪಾಡಬೇಕೆಂದು ಹೇಳಿದೆ. ಅಗ್ನಿ, ಜಲ, ವ್ಯಾಧಿ, ದುರ್ಭಿಕ್ಷಗಳಾದ ಮೇಲೆ ಐದನೆಯದು ಮೂಷಿಕ, ಅಂದರೆ ಇಲಿ! (ಧಾನ್ಯವನ್ನು ತಿನ್ನುವ ಇಲಿಯೇ ಆತನ ಮನಸ್ಸಿನಲ್ಲಿದ್ದಿರಬಹುದು; ಅದನ್ನು ಪ್ಲೇಗಿನ ಇಲಿಯೆಂದು ಸಾಧಿಸ ಹೊರಡುವುದು ಅತಿಯಾದೀತು.) ವ್ಯಾಧಿಗೆ ವೈದ್ಯರ ಔಷಧವನ್ನೂ, ತಪಸ್ವಿಗಳ ಶಾಂತಿಕರ್ಮವನ್ನೂ ವಿಧಿಸಿದೆ. ದುರ್ಭಿಕ್ಷಕ್ಕಾದರೋ ರಾಜನು ಬೀಜವನ್ನೂ ಭಕ್ತವನ್ನೂ ಕೊಟ್ಟು ಅನುಗ್ರಹಿಸತಕ್ಕದ್ದು, ಇಲ್ಲವೆ ಕೋಟೆ, ಕಟ್ಟೆಗಳ ಕೆಲಸವನ್ನು ಮಾಡಿಸಿ ಅನ್ನ ಕೊಡತಕ್ಕದ್ದು ಎಂದಿದೆ. ವ್ಯಾಧಿಯ ಭಯಕ್ಕಾಗಿ ರಾಜನೇ ಜನರ ಕೆಲಸವನ್ನು ನಿಲ್ಲಿಸಿದರೆ, ಕೂಲಿಯವನಿಗೆ ಅದು ಅಪ್ಪಣೆಯಿಂದ ಉಂಟಾದ ದುರ್ಭಿಕ್ಷ. ಹೀಗಿರುವಾಗ ಎರಡು ಭಯಗಳಿಗೂ ಹೇಳಿದ ಪ್ರತೀಕಾರಗಳನ್ನು ಒಂದೇ ದಿನ ಒಟ್ಟಿಗೆ ನಡೆಸಬೇಕೆಂಬುದು ಆ ಕ್ರಮದಿಂದಲೇ ಹೊರಡುತ್ತದೆ. 1876ರಿಂದ 78ರವರೆಗಿನ ಡೊಗರೆಯಂಥ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡ ಮೈಸೂರು ಸೀಮೆಗೆ, ಅನ್ನದ ಭಯವು ಮಾರಿಯ ಭಯಕ್ಕಿಂತ ಚಿಕ್ಕದಾಗಿ ಎಂದೂ ಕಂಡಿಲ್ಲ.

ಈಗ 2020ಕ್ಕೆ ಬರೋಣ. ಮಾರ್ಚಿ 10ರಂದು ಕಲಬುರಗಿಯಲ್ಲಿ ಒಬ್ಬ ವೃದ್ಧರು ತೀರಿಕೊಂಡದ್ದೇ ಕೊರೋನಾದಿಂದ ಭಾರತದಲ್ಲಾದ ಮೊದಲನೆಯ ಮರಣ. ತಿಂಗಳ ಕೊನೆಯಲ್ಲಿ ನಂಜನಗೂಡಿನ ಒಂದು ಔಷಧ ಕಾರ್ಖಾನೆಯ ನೌಕರರಲ್ಲಿ ಸೋಂಕು ಕಾಣಿಸಿ, ಅದು ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಹಬ್ಬಿತು. ಹಳ್ಳಿಗರು ತಮ್ಮ ಊರ ಬಾಯಿಗೆ ಮುಳ್ಳನ್ನೂ ಕಲ್ಲನ್ನೂ ಅಡ್ಡ ಹಾಕಿ ಹೊರಗಿನವರನ್ನು ತಡೆದ ಸಮಾಚಾರಗಳು ಕನ್ನಡನಾಡಿನ ಎಲ್ಲ ಕಡೆಗಳಿಂದಲೂ ಬಂದವು. ಈ ಭಯವು ನಿರಾಧಾರವಾದುದೆಂದು ಹೇಳುವಂತಿಲ್ಲ. ಪ್ಲೇಗಿಗೆ ಇಲಿಯು ಮನೆಯೊಳಗಿನ ಶತ್ರು; ಈ ರೋಗಕ್ಕೆ ಮನುಷ್ಯನ ಉಸಿರೇ ವಾಹನ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ರೈತನಿಗೆ ಅದು ಹೊಗೆಸೊಪ್ಪಿನ ಸಸಿಮಡಿಗಳನ್ನು ನೋಡಿಕೊಳ್ಳುವ ಕಾಲ. ಬೇಸಾಯಕ್ಕೆ ವಿನಾಯಿತಿ ದೊರೆತಿತ್ತೆಂಬುದು ನಿಜ. ಆದರೆ ಬಸ್ಸಿಲ್ಲದೆ ಆಳುಗಳು ಬರುವುದು ಹೇಗೆ? ರಾಜ್ಯದ ಸಾರಿಗೆ ಬಸ್ಸುಗಳು ಮತ್ತೆ ಹೊರಟದ್ದು ಮೇ 19ರಂದು. ಹೂವು, ತರಕಾರಿಗಳ ಬೆಳೆಗಾರರ ಪಾಡು ಇನ್ನೂ ಶೋಚನೀಯ. ಗುಡಿಗಳ ಬಾಗಿಲು ಮುಚ್ಚಿ, ಮದುವೆಗಳು ನಿಂತುಹೋದ ಮೇಲೆ ಮಲ್ಲಿಗೆಯನ್ನು ಮುಡಿಯುವವರು ಯಾರು? ಹೊಗೆಸೊಪ್ಪನ್ನು ಒಣಗಿಸಿ ಇಡಬಹುದು, ಹೂವಿಗೆ ನಾಳೆಯಿಲ್ಲ. ಕಾಡಂಚಿನ ಹಾಡಿಗಳಲ್ಲಿ ವಾಸಿಸುವ ಜೇನುಕುರುಬರು ಮೊದಲಾದವರಲ್ಲಿ ಅನೇಕರು ಕೊಡಗಿನ ಕಾಫಿತೋಟಗಳ ಕೂಲಿಯನ್ನೇ ನಂಬಿದವರು. ಜಿಲ್ಲೆಯ ಗಡಿ ಮುಚ್ಚಿದೊಡನೆ ಅವರ ಕೂಲಿಯೂ ಮುಚ್ಚಿತು. ಪ್ಲೇಗಿನ ಕಾಲದ ನೇಕಾರನ ಜಾಗಕ್ಕೆ ಈಗ ಇವರೂ, ಆಟೋ ಓಡಿಸುವವರೂ, ಕ್ಷೌರಿಕರೂ, ಅಗಸರೂ ಬಂದು ನಿಂತರು. ಆ ನೇಕಾರನಾದರೋ ತನ್ನ ಹಳೆಯ ಜಾಗವನ್ನು ಬಿಟ್ಟೇ ಇರಲಿಲ್ಲ.

ಗಡಿಗಳ ಮಾತು ಬಂದಮೇಲೆ ಕಾಸರಗೋಡಿನ ಕನ್ನಡಿಗರನ್ನು ಮರೆಯಲಾಗದು. ಮಂಜೇಶ್ವರದ ಸುತ್ತಲಿನವರಿಗೆ ಕಾಯಿಲೆಯೆಂದರೆ ಮಂಗಳೂರಿನ ಆಸ್ಪತ್ರೆಗಳೇ ಗತಿ. ಕೇರಳದಲ್ಲಿ, ಅದರಲ್ಲಿಯೂ ಕಾಸರಗೋಡಿನಲ್ಲಿ, ಸೋಂಕು ಹೆಚ್ಚಿತೆಂದು ಕರ್ನಾಟಕದವರು ತಲಪಾಡಿಯ ಗಡಿಯನ್ನು ಮುಚ್ಚಿದರು. ಕೊರೋನಾದ ಸೋಂಕೇ ಇಲ್ಲದ ರೋಗಿಗಳು ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ಆ ಗಡಿಯ ಆಚೆಯಲ್ಲಿಯೇ ಸತ್ತ ವಾರ್ತೆಗಳು ಬಂದವು. ಏಪ್ರಿಲ್ 1ರಂದು ಕೇರಳದ ಹೈಕೋರ್ಟು ದಾರಿಯನ್ನು ತೆರೆಯಬೇಕೆಂದಿತು. ವಿವಾದವು ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತುರೋಗಿಗಳನ್ನು ಬಿಡುವುದೆಂದು ಏಪ್ರಿಲ್ 7ರಂದು ಒಡಂಬಡಿಕೆಯಾಯಿತು. ಇವರ ಮರಣವನ್ನು ಯಾವ ಪಟ್ಟಿಯಲ್ಲಿ ಬರೆಯತಕ್ಕದ್ದು? ಕೊರೋನಾದ ಪಟ್ಟಿಯಲ್ಲಿ ಇವರಿಲ್ಲ. ದಿಗ್ಬಂಧನಕ್ಕೆಂದು ಪ್ರತ್ಯೇಕವಾದ ಪಟ್ಟಿಯನ್ನು ಯಾರೂ ಇಡಲಿಲ್ಲ.

ಪರಿಹಾರವೇ ಬರಲಿಲ್ಲವೆಂದರೆ ಅದು ಅಸತ್ಯವಾಗುತ್ತದೆ. ಕೇಂದ್ರ ಸರ್ಕಾರದವರು ಪಡಿತರದವರಿಗೆ ತಲೆಗೆ ಐದು ಕಿಲೋ ಧಾನ್ಯವನ್ನು ಹೆಚ್ಚಾಗಿ ಕೊಡಿಸಿದರು. ಜನಧನ ಖಾತೆಯ ಸ್ತ್ರೀಯರಿಗೆ ಮೂರು ತಿಂಗಳು ಐನೂರು ರೂಪಾಯಿಯಂತೆ ಹಾಕಿದರು. ಉದ್ಯೋಗ ಖಾತ್ರಿಯ ಕೆಲಸಗಳಿಗೆ ಏಪ್ರಿಲ್ 20ರಿಂದ ಅನುಮತಿಯಾಗಿ, ಮೇ ತಿಂಗಳಲ್ಲಿ ನಲವತ್ತು ಸಾವಿರ ಕೋಟಿ ರೂಪಾಯಿಗಳು ಅದಕ್ಕೆ ಹೆಚ್ಚಾಗಿ ದೊರೆತವು. ಇದು ಕೌಟಿಲ್ಯನ ಕಟ್ಟೆಯ ಕೆಲಸವೇ ಸರಿ. ರಾಜ್ಯದಲ್ಲಿ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಪ್ರಕಟಿಸಿದರು. ಕ್ಷೌರಿಕರಿಗೂ, ಅಗಸರಿಗೂ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೂ ಒಂದು ಸಲಕ್ಕೆ ಐದು ಸಾವಿರ ರೂಪಾಯಿ. ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ ಇಪ್ಪತ್ತೈದು ಸಾವಿರ. ಕೈಮಗ್ಗದ ನೇಕಾರರಿಗೆ ಎರಡು ಸಾವಿರ. ಪಟ್ಟಿಯು ಯೋಗ್ಯವಾದದ್ದೇ. ಪ್ರಕಟವಾದ ದಿನವು ಮೇ 6. ಬಾಗಿಲು ಮುಚ್ಚಿ ಆಗಲೇ ನಲವತ್ತೆರಡು ದಿನಗಳಾಗಿದ್ದವು. ಬಾಗಿಲು ಮುಚ್ಚುವುದಕ್ಕೆ ನಾಲ್ಕು ಗಂಟೆ ಸಾಕಾದ ರಾಜ್ಯಯಂತ್ರಕ್ಕೆ, ಮುಚ್ಚಿದವನ ಕೈಗೆ ಹಣ ಹಾಕುವೆನೆಂದು ಹೇಳುವುದಕ್ಕೇ ನಲವತ್ತೆರಡು ದಿನ ಬೇಕಾದುದು ಸಾಮಾನ್ಯ ದೋಷವಲ್ಲ.

ಅದೇ ವಾರದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಬಿಹಾರ ಮುಂತಾದ ದೂರದೇಶಗಳಿಂದ ಬೆಂಗಳೂರಿಗೆ ಬಂದಿದ್ದ ಕೂಲಿಕಾರರು ಊರಿಗೆ ಹೋಗುವುದಕ್ಕೆಂದು ಗೊತ್ತಾಗಿದ್ದ ರೈಲುಗಳನ್ನು, ಕಟ್ಟಡದ ಉದ್ಯಮಿಗಳೊಡನೆ ಸಮಾಲೋಚನೆಯಾದ ಮೇಲೆ, ರಾಜ್ಯ ಸರ್ಕಾರದವರು ಬೇಡವೆಂದರು. ನಾಲ್ಕು ಕಡೆಗಳಿಂದ ಆಕ್ಷೇಪಣೆಗಳು ಬಂದಮೇಲೆ ಎರಡು ಮೂರು ದಿನಗಳಲ್ಲಿ ಆ ನಿಶ್ಚಯವನ್ನು ಹಿಂತೆಗೆದುಕೊಂಡರು. ಪ್ಲೇಗಿನ ಕಾಲದಲ್ಲಿ ಬಡವನಿಗೂ ಇದ್ದ ಒಂದು ಸ್ವಾತಂತ್ರ್ಯ, ಪಟ್ಟಣವನ್ನು ಬಿಟ್ಟು ಓಡಿಹೋಗುವ ಸ್ವಾತಂತ್ರ್ಯವು, ಇಲ್ಲಿ ಇಲ್ಲವಾಗಿತ್ತು. ಆ ಏಪ್ರಿಲಿನಿಂದ ಜೂನಿನವರೆಗಿನ ಮೂರು ತಿಂಗಳಲ್ಲಿ ದೇಶದ ಉತ್ಪನ್ನವು ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು ಕುಗ್ಗಿತು.

ಹಾಗಾದರೆ ಬಾಗಿಲು ಮುಚ್ಚಿದ್ದೇ ತಪ್ಪೆಂದು ಹೇಳುವವರು ಒಂದು ರಾತ್ರಿಯನ್ನು ನೆನೆಯಬೇಕು. ಎರಡನೆಯ ಅಲೆಯಲ್ಲಿ, 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ, ನೆರೆಯ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕವು ಸಾಲದೆ ಹೋಯಿತು. ಆ ಒಂದು ದಿನದಲ್ಲಿ ಅಲ್ಲಿ 24 ರೋಗಿಗಳು ಸತ್ತರೆಂಬುದು ಮೊದಲ ಲೆಕ್ಕ. ಎಷ್ಟು ಮಂದಿಯ ಮರಣಕ್ಕೆ ಆಮ್ಲಜನಕದ ಕೊರತೆಯೇ ಕಾರಣವೆಂಬ ವಿವಾದವು ಆಮೇಲೆ ಬಹುಕಾಲ ನಡೆಯಿತು. ರೋಗವು ಕಡಿವಾಣವಿಲ್ಲದೆ ಓಡಿದರೆ ಬಡವನ ಪ್ರಾಣವೇ ಮೊದಲು ಹೋಗುವುದೆಂಬುದಕ್ಕೆ ಬೇರೆ ಪ್ರಮಾಣ ಬೇಡ. ಧನಿಕನು ಮೈಸೂರಿಗೋ ಬೆಂಗಳೂರಿಗೋ ಹೋಗಬಲ್ಲನು. 1918ರ ಇನ್‌ಫ್ಲೂಯೆಂಜದಲ್ಲಿಯೂ ಹೀಗೆಯೇ ಆಯಿತು. ಆಗ ಇಂಥ ದಿಗ್ಬಂಧನವಿರಲಿಲ್ಲ, ಆದರೂ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರಿಗೆ ಗಂಜಿ ಕಾಯಿಸುವವರಿಲ್ಲದೆ ಕೆಲಸಗಳು ತಾವಾಗಿಯೇ ನಿಂತವು. ಆದ್ದರಿಂದ ಪ್ರಾಣವೋ ಅನ್ನವೋ ಎಂಬ ವಾದದಲ್ಲಿ ಎರಡು ಪಕ್ಷಗಳೂ ಒಂದನ್ನು ಬಿಟ್ಟು ಮಾತಾಡಿದವು. ಸಂಬಳವು ತಿಂಗಳು ತಿಂಗಳು ಬರುವವನು ಮನೆಯಲ್ಲಿ ಕುಳಿತು ಪ್ರಾಣದ ಪಕ್ಷವನ್ನು ಹಿಡಿದನು. ಮನೆಯಲ್ಲಿ ಕುಳಿತೇ ಕೆಲಸ ನಡೆಸಬಲ್ಲ ಮತ್ತೊಬ್ಬನು ವ್ಯಾಪಾರದ ಪಕ್ಷವನ್ನು ಹಿಡಿದನು. ವೆಚ್ಚವನ್ನು ತೆತ್ತವನು ಆ ಸಭೆಯಲ್ಲಿ ಇರಲೇ ಇಲ್ಲ.

ದಸರೆಯ ಜಂಬೂಸವಾರಿಯು ಆ ವರ್ಷ ಅರಮನೆಯ ಆವರಣವನ್ನು ದಾಟಲಿಲ್ಲ. ನೋಡುವುದಕ್ಕೆ ಕೆಲವೇ ನೂರು ಮಂದಿಗೆ ಪ್ರವೇಶವಿತ್ತು. ಬನ್ನಿಮಂಟಪದವರೆಗಿನ ಬೀದಿಯಲ್ಲಿ ಬಲೂನು ಮಾರುವವನ ನಷ್ಟವು ಯಾವ ಲೆಕ್ಕಕ್ಕೂ ಬರಲಿಲ್ಲ. ಆದರೆ ದಸರೆ ಮರುವರ್ಷವೂ ಬರುತ್ತದೆ. ಮತ್ತೆ ಬಾರದ ಒಂದು ನಷ್ಟವು ಪಾಠಶಾಲೆಗಳದು.

ಕರ್ನಾಟಕದಲ್ಲಿ ಪ್ರಾಥಮಿಕ ಶಾಲೆಗಳು 2020ರ ಮಾರ್ಚಿಯಲ್ಲಿ ಮುಚ್ಚಿದವು. ಅಂಗಡಿಗಳು ತೆರೆದವು, ಬಸ್ಸುಗಳು ಹೊರಟವು, ಮದ್ಯದಂಗಡಿಗಳು ಮೇ ತಿಂಗಳ ಮೊದಲ ವಾರದಲ್ಲಿಯೇ ತೆರೆದವು, ಚುನಾವಣೆಗಳೂ ನಡೆದವು. ಶಾಲೆಗಳು ಮಾತ್ರ ತೆರೆಯಲಿಲ್ಲ. ಉಪಾಧ್ಯಾಯರೇ ಮಕ್ಕಳಿರುವಲ್ಲಿಗೆ ಹೋಗಿ ಜಗಲಿಗಳಲ್ಲಿಯೂ ಮರದ ನೆರಳಿನಲ್ಲಿಯೂ ಕಲಿಸುವ ವಿದ್ಯಾಗಮವೆಂಬ ಕ್ರಮವು ಆ ವರ್ಷದ ಆಗಸ್ಟಿನಲ್ಲಿ ಆರಂಭವಾಯಿತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಬುದ್ಧಿಯೇ ಇದು. ಬಯಲಿನ ಗಾಳಿಯಲ್ಲಿ ಈ ರೋಗಕ್ಕೂ ಬಲ ಕಡಿಮೆ. ಆದರೆ ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಆಮೇಲೆ ಪಾಠವು ಮೊಬೈಲಿನೊಳಗೆ ಸೇರಿತು. ಒಂದು ಮನೆಗೆ ಒಂದು ಮೊಬೈಲು, ಅದೂ ಕೂಲಿಗೆ ಹೋದ ತಂದೆಯ ಜೇಬಿನಲ್ಲಿ. ಮಧ್ಯಾಹ್ನದ ಬಿಸಿಯೂಟವು ನಿಂತದ್ದು ಇದರ ಮೇಲಣ ಗಾಯ. 2021ರ ಮಾರ್ಚಿಯಲ್ಲಿ ರಾಜ್ಯದ ಹಳ್ಳಿಗಳಲ್ಲಿ ಅಸರ್ ಸಂಸ್ಥೆಯವರು ಪರೀಕ್ಷಿಸಿ ನೋಡಿದಾಗ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು ನೂರಕ್ಕೆ ಹತ್ತು ಮಂದಿಯಷ್ಟಿದ್ದರು. 2018ರಲ್ಲಿ ಹತ್ತೊಂಬತ್ತು ಮಂದಿಯಿದ್ದರು. ಅದೇ ಹೆಚ್ಚೇನೂ ಆಗಿರಲಿಲ್ಲ.

ಒಂದರಿಂದ ಐದರವರೆಗಿನ ತರಗತಿಗಳು ತೆರೆದದ್ದು 2021ನೆಯ ಇಸವಿ ಅಕ್ಟೋಬರ್ 25ನೆಯ ತಾರೀಖು ಸೋಮವಾರ. ಹಿಂದಿನ ವರ್ಷವೇ ಒಂದನೆಯ ತರಗತಿಗೆ ಹೆಸರು ಹಚ್ಚಿದ್ದ ಕೂಸುಗಳು ಆ ದಿನ ಮೊದಲನೆಯ ಸಲ ಪಾಠಶಾಲೆಯ ಮಣೆಯ ಮೇಲೆ ಕುಳಿತವು. ಹಾಜರಿ ಪುಸ್ತಕದ ಪ್ರಕಾರ ಅವು ಆಗಲೇ ಎರಡನೆಯ ತರಗತಿಯಲ್ಲಿದ್ದವು.